ಮಾಣಿಕ್ಯದ ಪಾದರಕ್ಷೆ

ಓದಿದ ಕಥೆಯನ್ನು ತೆರೆಯ ಮೇಲೆ ಕಂಡಾಗ ‘ಪುಸ್ತಕದಲ್ಲಿ ಹೀಗಿರಲಿಲ್ಲವಲ್ಲ!’ ಎಂದು ನಾವು ಎಷ್ಟೋ ಸಲ ಆಕ್ಷೇಪಿಸುತ್ತೇವೆ. ಆ ಆಕ್ಷೇಪಣೆ ಎಲ್ಲಿ ಸರಿ, ಎಲ್ಲಿ ಸಲ್ಲದು ಎಂಬುದನ್ನು ತಿಳಿಯಲು ‘ದಿ ವಿಜರ್ಡ್ ಆಫ್ ಆಜ್’ ಎಂಬ ಅಮೆರಿಕದ ಚಲಚ್ಚಿತ್ರವು ಉತ್ತಮ ನಿದರ್ಶನ. ಎಲ್. ಫ್ರಾಂಕ್ ಬಾಮ್ 1900ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಕಾದಂಬರಿಯೇ ಇದಕ್ಕೆ ಮೂಲ. ಚಿತ್ರವು 1939ರಲ್ಲಿ ತೆರೆಕಂಡಿತು. ಅದರ ನಿರ್ದೇಶಕನೆಂದು ಹೆಸರು ಪಡೆದವನು ವಿಕ್ಟರ್ ಫ್ಲೆಮಿಂಗ್.

ಕಾನ್ಸಾಸ್ ಪ್ರಾಂತದ ಬಯಲುಸೀಮೆಯಲ್ಲಿ ಬೆಳೆಯುತ್ತಿದ್ದ ಡೊರೊತಿ ಎಂಬ ಅನಾಥ ಬಾಲಿಕೆಯನ್ನು ಸುಂಟರಗಾಳಿಯು ಮನೆಸಹಿತ ಎತ್ತಿ ಆಜ್ ಎಂಬ ಅದ್ಭುತ ದೇಶದಲ್ಲಿ ಇಳಿಸುತ್ತದೆ. ಊರಿಗೆ ಮರಳುವ ಉಪಾಯವನ್ನರಸಿ ಅವಳು ಹಳದಿ ಇಟ್ಟಿಗೆಯ ದಾರಿಯಲ್ಲಿ ಪಚ್ಚೆಯ ನಗರದ ಮಾಂತ್ರಿಕನ ಬಳಿಗೆ ಹೊರಡುತ್ತಾಳೆ. ಬುದ್ಧಿಯನ್ನು ಬಯಸುವ ಬೆದರುಬೊಂಬೆ, ಹೃದಯವನ್ನು ಬಯಸುವ ತಗಡಿನ ಮನುಷ್ಯ, ಧೈರ್ಯವನ್ನು ಬಯಸುವ ಅಂಜುಬುರುಕ ಸಿಂಹ ಅವಳ ಜೊತೆಗೂಡುತ್ತಾರೆ. ಕಡೆಗೆ ನೋಡಿದರೆ ಮಹಾಮಾಂತ್ರಿಕನು ತೆರೆಯ ಹಿಂದೆ ಅಡಗಿದ ಸಾಮಾನ್ಯ ಮನುಷ್ಯ! ಆದರೆ ಸಂಗಾತಿಗಳು ಬೇಡಿದ ಗುಣಗಳು ದಾರಿಯ ಸಂಕಟಗಳಲ್ಲಿ ಅವರಿಂದಲೇ ಪ್ರಕಟವಾಗಿದ್ದವು.

ಕಾನ್ಸಾಸಿನಲ್ಲಿ ನೆಲವೂ ಮನೆಯೂ ಜನರ ಮುಖವೂ ಬೂದುಬಣ್ಣಕ್ಕೆ ತಿರುಗಿದ್ದುವೆಂದು ಬಾಮ್ ಕಥಾರಂಭದಲ್ಲಿಯೇ ವರ್ಣಿಸಿದ್ದಾನೆ. ಚಿತ್ರಕಾರರು ಇದನ್ನು ಚೆನ್ನಾಗಿ ಗ್ರಹಿಸಿದರು. ಕಾನ್ಸಾಸಿನ ದೃಶ್ಯಗಳನ್ನು ಮಸುಕಾದ ಕಂದುಛಾಯೆಯಲ್ಲಿ ತೋರಿಸಿ, ಡೊರೊತಿ ಬಾಗಿಲು ತೆರೆದೊಡನೆ ಆಜ್ ದೇಶವನ್ನು ‘ಟೆಕ್ನಿಕಲರ್’ ವರ್ಣಗಳಲ್ಲಿ ಬೆಳಗಿಸಿದರು. ಕಾದಂಬರಿಯಲ್ಲಿ ಬೆಳ್ಳಿಯದಾಗಿದ್ದ ಅವಳ ಪಾದರಕ್ಷೆಯು ಚಿತ್ರದಲ್ಲಿ ಮಾಣಿಕ್ಯದ್ದಾಯಿತು. ಹಳದಿಯ ದಾರಿಯ ಮೇಲೆ ಕೆಂಪು ಎದ್ದು ಕಾಣುವಂತೆ ಬೆಳ್ಳಿ ಕಾಣಲಾರದು. ಹೊಸ ಮಾಧ್ಯಮಕ್ಕೆ ಒಪ್ಪುವ ಇಂತಹ ಮಾರ್ಪಾಟು ಕಥೆಗೆ ದ್ರೋಹವಲ್ಲ.

ಇನ್ನೊಂದು ಮಾರ್ಪಾಟನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಬಾಮನ ಕಥೆಯಲ್ಲಿ ಆಜ್ ನಿಜವಾದ ದೇಶ. ಡೊರೊತಿ ಹಿಂದಿರುಗಿದಾಗ, ಗಾಳಿಗೆ ಹಾರಿಹೋದ ಮನೆಗೆ ಬದಲಾಗಿ ಅವಳ ಚಿಕ್ಕಪ್ಪನು ಹೊಸ ಮನೆಯನ್ನು ಕಟ್ಟಿರುತ್ತಾನೆ. ಚಿತ್ರದಲ್ಲಾದರೋ ಎಲ್ಲವೂ ತಲೆಗೆ ಪೆಟ್ಟು ಬಿದ್ದು ಮೂರ್ಛೆಹೋದ ಹುಡುಗಿಯ ಕನಸು. ಹಾಸಿಗೆಯ ಸುತ್ತ ನೆರೆದ ಹಿರಿಯರು ಅವಳ ಮಾತನ್ನು ಕೇಳಿ ನಗುತ್ತಾರೆ. ಮಗುವಿನ ಅನುಭವವನ್ನು ಕಾದಂಬರಿಕಾರನು ನಂಬಿದನು. ಚಿತ್ರವು ಅದನ್ನು ಕನಸೆಂದು ಸಮಾಧಾನಪಡಿಸಿತು. ನೋಟಕ್ಕೆ ಚಿಕ್ಕದೆನಿಸಿದರೂ ಈ ಬದಲಾವಣೆಯಿಂದ ಕಥೆಯ ಅರ್ಥವೇ ಬೇರೆಯಾಗುತ್ತದೆ.

ಮಾಂತ್ರಿಕನ ತೆರೆಯನ್ನು ಸರಿಸಿ ನೋಡಲು ಕಲಿಸುವ ಈ ಚಿತ್ರದ ತೆರೆಯ ಹಿಂದೆಯೂ ನಾವು ಒಮ್ಮೆ ಇಣುಕಬೇಕು. ಭಯಂಕರವಾದ ಆ ಸುಂಟರಗಾಳಿಯು ವಾಸ್ತವದಲ್ಲಿ ಸುಮಾರು 35 ಅಡಿ ಉದ್ದದ ಮಸ್ಲಿನ್ ಬಟ್ಟೆಯ ಕೊಳವೆ. ವರ್ಣಚಿತ್ರೀಕರಣಕ್ಕೆ ಬೇಕಾದ ಪ್ರಖರ ದೀಪಗಳ ಬೇಗೆಯಲ್ಲಿ ನಟರು ದಪ್ಪ ವೇಷಗಳನ್ನು ತೊಟ್ಟು ದುಡಿದರು. ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದ ಬಡ್ಡಿ ಎಬ್ಸೆನ್, ಮುಖಕ್ಕೆ ಬಳಿದ ಅಲ್ಯೂಮಿನಿಯಂ ಪುಡಿಯನ್ನು ಉಸಿರಾಡಿ ಆಸ್ಪತ್ರೆ ಸೇರಿದನು. ಆ ಪಾತ್ರ ಜ್ಯಾಕ್ ಹೇಲಿಗೆ ಹೋಯಿತು. ದುಷ್ಟ ಮಾಟಗಾತಿಯಾಗಿ ನಟಿಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಬೆಂಕಿಯ ದೃಶ್ಯವೊಂದರಲ್ಲಿ ಮುಖ ಮತ್ತು ಕೈಯನ್ನು ಸುಟ್ಟುಕೊಂಡು ಕೆಲವು ವಾರ ನರಳಿದಳು. ಡೊರೊತಿಯಾಗಿ ಹಾಡಿದ ಜೂಡಿ ಗಾರ್ಲಂಡ್ ಆಗ ಹದಿಹರೆಯದ ಹುಡುಗಿ. ಇಂದಿಗೂ ಜನ ನೆನೆಯುವ ಅವಳ ಕಾಮನಬಿಲ್ಲಿನ ಹಾಡನ್ನು ಬಿಡುಗಡೆಗೆ ಮುನ್ನ ಕತ್ತರಿಸಲು ಯೋಚಿಸಿದ್ದರು. ಉಳಿದ ಆ ಹಾಡಿಗೇ ಆಸ್ಕರ್ ಪ್ರಶಸ್ತಿ ಬಂದಿತು.

ಪುಸ್ತಕವನ್ನೂ ಚಿತ್ರವನ್ನೂ ಎದುರುಬದುರಾಗಿ ಇಟ್ಟು ನೋಡಿದವನಿಗೆ ಎರಡರ ಬೆಲೆಯೂ ತಿಳಿಯುತ್ತದೆ. ಏನು ಬದಲಾಯಿತು, ಏಕೆ ಬದಲಾಯಿತು, ಅದಕ್ಕಾಗಿ ಯಾರು ಬೆವರು ಸುರಿಸಿದರು ಎಂದು ಕೇಳುವ ಪ್ರೇಕ್ಷಕನೇ ನಿಜವಾದ ರಸಿಕ.