ಆಂಟೆನಾ ಕಂಬ ಇನ್ನೂ ಕೀಳಬೇಡಿ

ಕಳೆದ ವಾರ ನಾನೊಂದು ತಪ್ಪು ಉತ್ತರ ಕೊಟ್ಟೆ. ಇವತ್ತು ಅದನ್ನ ತಿದ್ದಬೇಕು.

ಸೆಪ್ಟೆಂಬರ್ 5, 2022. ಸೋಮವಾರ. ಹಿಂದಿನ ರಾತ್ರಿಯ ಮಳೆಗೆ ಬೆಂಗಳೂರಿನ ಪೂರ್ವ ಭಾಗ ಅರ್ಧ ಮುಳುಗಿತ್ತು. ಸಾಫ್ಟ್‌ವೇರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ದೃಶ್ಯವನ್ನ ನಾವು ಎಷ್ಟು ಸಲ ತೋರಿಸಿದ್ವೋ ಲೆಕ್ಕವಿಲ್ಲ. ಆ ವಾರದ ಕೊನೆಗೆ ಫೋನ್ ಕಾರ್ಯಕ್ರಮಕ್ಕೆ ಕೆ.ಆರ್.ಪುರದ ಕಡೆಯಿಂದ ಒಬ್ಬ ಹಿರಿಯ ತಾಯಿ ಕರೆ ಮಾಡಿದರು. ಬೈಯಲಿಲ್ಲ, ಕೂಗಾಡಲಿಲ್ಲ. ಇಷ್ಟೇ ಹೇಳಿದರು: "ಕರೆಂಟು ಮಾರನೇ ದಿನ ಬಂತಪ್ಪ. ಕೇಬಲ್ಲು ನಾಲ್ಕು ದಿನ ಬರಲಿಲ್ಲ, ಮೊಮ್ಮಗನ ಮೊಬೈಲಲ್ಲಿ ನೆಟ್ಟೂ ಸರಿಯಾಗಿ ಸಿಗಲಿಲ್ಲ. ನೀರು ನಮ್ಮ ಬಾಗಿಲಲ್ಲಿತ್ತು, ಸುದ್ದಿ ಮಾತ್ರ ನಮ್ಮನ್ನ ಬಿಟ್ಟು ಊರಿಗೆಲ್ಲ ಹೋಯ್ತು." ಆಮೇಲೆ ಒಂದು ಪ್ರಶ್ನೆ ಕೇಳಿದರು: "ಹಿಂದೆ ತಾರಸಿ ಮೇಲೆ ಆಂಟೆನಾ ಇತ್ತಲ್ಲ, ಅದರಲ್ಲಿ ಈಗ ಏನೂ ಬರಲ್ವಾ?"

"ಅದೆಲ್ಲ ನಿಂತುಹೋಯ್ತಮ್ಮ" ಅಂದುಬಿಟ್ಟೆ. ಮುಂದಿನ ಕರೆ ತಗೊಂಡೆ.

ಅದು ಅರ್ಧ ಸತ್ಯ. ಟಿವಿಯಲ್ಲಿ ಕೂತವನು ಅರ್ಧ ಸತ್ಯ ಹೇಳಿದರೆ ಅದು ಸುಳ್ಳಿನಷ್ಟೇ ದೂರ ಹೋಗುತ್ತೆ. ಹಾಗಾಗಿ ಇವತ್ತು ಪೂರ್ತಿ ಹೇಳ್ತೀನಿ.

ನಿಂತದ್ದು ಯಾವುದು? ಅನಲಾಗ್ ಪ್ರಸಾರ. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಬಂದಾಗಿನಿಂದ ನಾವು ನೀವು ನೋಡಿದ್ದು ಅದನ್ನೇ. ಜಯಮಹಲ್ ರಸ್ತೆ ಕಡೆ ಹೋದವರಿಗೆ ಜೆ.ಸಿ.ನಗರದ ಟಿವಿ ಟವರ್ ಗೊತ್ತು. ಅಲ್ಲಿನ ಬಸ್ ಸ್ಟಾಪಿಗೂ ಅದೇ ಹೆಸರು. ದೇಶದ ಇಂಥ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳಲ್ಲಿ ಆಯಕಟ್ಟಿನ ಜಾಗದ ಸುಮಾರು 50 ಬಿಟ್ಟು ಉಳಿದದ್ದನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸ್ತೀವಿ ಅಂತ ಪ್ರಸಾರ ಭಾರತಿ ಹೇಳಿತ್ತು. ವರ್ಷಕ್ಕೆ ಸುಮಾರು 100 ಕೋಟಿ ರೂಪಾಯಿ ಖರ್ಚು ಉಳಿಯುತ್ತೆ ಅನ್ನೋದು ಅವರ ಲೆಕ್ಕ. ತಪ್ಪೇನಿಲ್ಲ. ಹಳೇ ಯಂತ್ರಕ್ಕೆ ಕರೆಂಟು ಹೆಚ್ಚು, ಬಿಡಿಭಾಗ ಸಿಗಲ್ಲ, ನೋಡೋರೂ ಕಡಿಮೆ.

ಹಾಗಾದರೆ ಬಂದದ್ದು ಯಾವುದು? ಬಹಳ ಜನಕ್ಕೆ ಗೊತ್ತೇ ಆಗದ ಸಂಗತಿ ಇದು. 2016ರ ಫೆಬ್ರವರಿಯಲ್ಲಿ ದೂರದರ್ಶನ ದೇಶದ 16 ನಗರಗಳಲ್ಲಿ ಡಿಜಿಟಲ್ ಭೂತಲ ಪ್ರಸಾರ ಶುರು ಮಾಡಿತು. ಆ 16ರಲ್ಲಿ ಬೆಂಗಳೂರೂ ಒಂದು. ಭೂತಲ ಪ್ರಸಾರ ಅಂದರೆ ಗಾಬರಿ ಬೇಡ. ಸಿಗ್ನಲ್ ಉಪಗ್ರಹದಿಂದ ಇಳಿಯಲ್ಲ, ಕೇಬಲ್ಲಿನಲ್ಲಿ ಹರಿಯಲ್ಲ, ಊರಿನ ಟವರಿನಿಂದ ನೇರ ನಿಮ್ಮ ಆಂಟೆನಾಗೆ ಬರುತ್ತೆ. ಅಷ್ಟೆ. ಡಿಡಿ ನ್ಯಾಷನಲ್, ಡಿಡಿ ನ್ಯೂಸ್, ಡಿಡಿ ಭಾರತಿ, ಡಿಡಿ ಸ್ಪೋರ್ಟ್ಸ್, ಜೊತೆಗೆ ಪ್ರಾದೇಶಿಕ ಚಾನೆಲ್ ಅಥವಾ ಡಿಡಿ ಕಿಸಾನ್. ಹೀಗೆ ಐದು ಚಾನೆಲ್ ಅಂತ ಅವತ್ತು ಘೋಷಿಸಿದ್ದರು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ.

ಈಗ ವ್ಯತ್ಯಾಸ ನೋಡಿ. ಹಿಂದೆ ಒಂದು ಚಾನೆಲ್ಲಿಗೆ ಗಾಳಿಯಲ್ಲಿ 7–8 ಮೆಗಾಹರ್ಟ್ಸ್ ಜಾಗ ಬೇಕಿತ್ತು. ಒಂದೇ ಕುಟುಂಬಕ್ಕೆ ಇಡೀ ಬಸ್ಸು ಕೊಟ್ಟ ಹಾಗೆ. ಡಿಜಿಟಲ್‌ನಲ್ಲಿ ಚಿತ್ರವನ್ನ ಅಂಕಿಗಳಾಗಿ ಮಾಡಿ, ಮಡಿಸಿ, ಚಿಕ್ಕ ಗಂಟು ಕಟ್ಟಿ ಕಳಿಸ್ತಾರೆ. ಅದೇ ಬಸ್ಸಲ್ಲಿ ಐದು ಕುಟುಂಬ ಕೂರುತ್ತೆ. ಹೀಗೆ ಗಾಳಿಯಲ್ಲಿ ಕಳಿಸೋ ವಿಧಾನದ ಹೆಸರು ಡಿವಿಬಿ-ಟಿ2. ಈ ಹೆಸರು ನೆನಪಿಡಿ, ಅಂಗಡಿಯಲ್ಲಿ ಬೇಕಾಗುತ್ತೆ.

ನನ್ನ ಮನೆ ಹಲಸೂರು. 2017ರಲ್ಲಿ ಕುತೂಹಲಕ್ಕೆ ಇದನ್ನ ನಾನೇ ಮಾಡಿ ನೋಡಿದ್ದೆ. ಶಿವಾಜಿನಗರದಲ್ಲಿ ಒಬ್ಬ ಹಳೇ ಟಿವಿ ಮೆಕ್ಯಾನಿಕ್ ಇದ್ದರು, ಅವರನ್ನೇ ಕೇಳಿದೆ. ಅವರು ನಕ್ಕರು. "ಸಾರ್, ಹಿಂದೆ ಆಂಟೆನಾ ತಿರುಗಿಸಿದ್ರೆ ಮೊದಲು ಚುಕ್ಕಿ ಬರ್ತಿತ್ತು, ಆಮೇಲೆ ನೆರಳು, ಆಮೇಲೆ ಚಿತ್ರ. ಮೇಲೆ ಒಬ್ಬ, ಕೆಳಗೆ ಒಬ್ಬ, 'ಬಂತಾ?' 'ಬಂತು, ಬಂತು... ಹೋಯ್ತು!' ಈಗ ಅದಿಲ್ಲ. ಬಂದ್ರೆ ಪೂರ್ತಿ, ಇಲ್ಲಾಂದ್ರೆ ಪೂರ್ತಿ ಕಪ್ಪು." ಇಡೀ ತಂತ್ರಜ್ಞಾನ ಆ ಒಂದು ಮಾತಲ್ಲಿದೆ. ಅನಲಾಗ್ ಸಿಗ್ನಲ್ ದುರ್ಬಲವಾದರೆ ಚಿತ್ರ ಮಸುಕಾಗುತ್ತೆ, ಆದರೂ ಕಾಣುತ್ತೆ. ಡಿಜಿಟಲ್ ಒಂದು ಮಟ್ಟದವರೆಗೆ ಕನ್ನಡಿಯ ಹಾಗಿರುತ್ತೆ. ಆ ಮಟ್ಟದಿಂದ ಕೂದಲೆಳೆ ಕೆಳಗಿಳಿದರೆ ಚೌಕ ಚೌಕವಾಗಿ ಒಡೆದು ಮಾಯ.

ಅದಕ್ಕೇ ಇದರಲ್ಲಿ ನಾಲ್ಕು ವಿಷಯ ಸರಿ ಇರಬೇಕು.

ಒಂದು, ಟಿವಿ. ನಿಮ್ಮ ಟಿವಿ ಜೊತೆ ಬಂದ ಪುಸ್ತಕದಲ್ಲಿ ಟ್ಯೂನರ್ ಅನ್ನೋ ಸಾಲು ಹುಡುಕಿ. ಡಿವಿಬಿ-ಟಿ2 ಅಂತ ಇದ್ದರೆ ಬೇರೆ ಪೆಟ್ಟಿಗೆ ಬೇಕಿಲ್ಲ. ಸ್ಮಾರ್ಟ್ ಟಿವಿ ಆದ ಮಾತ್ರಕ್ಕೆ ಇದು ಇರಲೇಬೇಕು ಅಂತೇನಿಲ್ಲ. ಇಲ್ಲದಿದ್ದರೆ ಅದೇ ಹೆಸರಿನ ಸೆಟ್‌ಟಾಪ್ ಬಾಕ್ಸ್ ಬೇಕು. ಡಿಶ್ ಕಂಪನಿಯ ಬಾಕ್ಸು, ಕೇಬಲ್ಲಿನ ಬಾಕ್ಸು ಎರಡೂ ಇದಕ್ಕೆ ಬರೋದಿಲ್ಲ.

ಎರಡು, ಆಂಟೆನಾ. ಯುಎಚ್‌ಎಫ್ ಆಂಟೆನಾ ಅಂತಲೇ ಕೇಳಿ. ಕಡ್ಡಿಯ ಉದ್ದ ಅಲೆಯ ಅರ್ಧದಷ್ಟಿರಬೇಕು ಅನ್ನೋದು ನಿಯಮ. 500 ಮೆಗಾಹರ್ಟ್ಸ್ ಅಲೆಗೆ ಅದು 30 ಸೆಂಟಿಮೀಟರ್, ಶಾಲೆಯ ಸ್ಕೇಲಿನಷ್ಟು. ಹಳೇ ವಿಎಚ್‌ಎಫ್ ಆಂಟೆನಾದ ಕಡ್ಡಿಗಳು ಇದರ ಎರಡರಷ್ಟಕ್ಕೂ ಹೆಚ್ಚು ಉದ್ದ. ಅಟ್ಟದ ಮೇಲಿರೋ ಹಳೇದನ್ನೇ ಕಟ್ಟಿ "ಬರ್ತಿಲ್ಲ" ಅನ್ನೋದು ಇದಕ್ಕೇ.

ಮೂರು, ದಿಕ್ಕು. ಜೆ.ಸಿ.ನಗರದಿಂದ ನೇರ ಗೆರೆ ಎಳೆದರೆ ಶಿವಾಜಿನಗರ ಸುಮಾರು ಮೂರು ಕಿಲೋಮೀಟರ್, ಹಲಸೂರು ಕೆರೆ ನಾಲ್ಕು, ಇಂದಿರಾನಗರ ಆರೇಳು, ಕೆ.ಆರ್.ಪುರ ಹನ್ನೊಂದರ ಆಸುಪಾಸು. ಇದೇನೂ ದೂರವಲ್ಲ. ಆದರೆ ಈ ಅಲೆ ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತೆ. ದಂಡು ಪ್ರದೇಶದಲ್ಲಿ ಕಿಟಕಿ ಪಕ್ಕದ ಚಿಕ್ಕ ಆಂಟೆನಾ ಸಾಕಾಗಬಹುದು. ಕೆ.ಆರ್.ಪುರದಲ್ಲಿ ಪಕ್ಕದಲ್ಲೇ ಇಪ್ಪತ್ತು ಮಹಡಿ ಎದ್ದಿದ್ದರೆ ತಾರಸಿಗೇ ಹತ್ತಬೇಕು. ಶಿವಾಜಿನಗರ, ಹಲಸೂರಿನವರು ಆಂಟೆನಾವನ್ನ ಹೆಚ್ಚುಕಡಿಮೆ ಉತ್ತರ, ವಾಯವ್ಯದ ಕಡೆ ತಿರುಗಿಸಬೇಕು, ಕೆ.ಆರ್.ಪುರದವರು ಪಶ್ಚಿಮಕ್ಕೆ. ಕಡ್ಡಿಗಳನ್ನ ಅಡ್ಡ ಇಟ್ಟು ನೋಡಿ, ಬರದಿದ್ದರೆ ನಿಲ್ಲಿಸಿ ನೋಡಿ.

ನಾಲ್ಕು, ವೈರು. ಹಳೇ ಚಪ್ಪಟೆ ವೈರು ಬೇಡ, ಕೇಬಲ್ಲಿನವರು ಹಾಕೋ ದುಂಡನೆ ವೈರು ಸಾಕು. ಉದ್ದ ಕಡಿಮೆಯಿರಲಿ. ಒಂದೇ ಆಂಟೆನಾದಿಂದ ಮೂರು ಟಿವಿಗೆ ಹಂಚಿದರೆ ಮೂರಕ್ಕೂ ಅರೆಹೊಟ್ಟೆ. ಇನ್ನು ಬೂಸ್ಟರ್: ಸಿಗ್ನಲ್ಲೇ ಇಲ್ಲದ ಕಡೆ ಅದು ಗಲಾಟೆಯನ್ನಷ್ಟೇ ದೊಡ್ಡದು ಮಾಡುತ್ತೆ. ಆಮೇಲೆ ಟಿವಿಯಲ್ಲಿ ಡಿಜಿಟಲ್ ಸ್ಕ್ಯಾನ್ ಕೊಡಿ. ನಿಮ್ಮ ಮನೇಲಿ ಸಿಗುತ್ತಾ ಅಂತ ತಿಳಿಯೋಕೆ ಅದೇ ಪರೀಕ್ಷೆ. ಮೊದಲು ನೆಂಟರ ಮನೆಯದೋ ಮೆಕ್ಯಾನಿಕ್‌ದೋ ಆಂಟೆನಾ ತಂದು ಸ್ಕ್ಯಾನ್ ಮಾಡಿ, ಬಂದರೆ ದುಡ್ಡು ಹಾಕಿ.

"ಐದು ಚಾನೆಲ್ಲಿಗೆ ಇಷ್ಟೆಲ್ಲ ಯಾಕೆ ಸಾರ್?" ಅಂತೀರಿ. ನ್ಯಾಯವಾದ ಪ್ರಶ್ನೆ. ಕಾರಣ ಎರಡು.

ಮೊದಲನೇದು ದುಡ್ಡು. 2022ರಲ್ಲಿ ಕೇಬಲ್ ಅಥವಾ ಡಿಟಿಎಚ್‌ಗೆ ಮೂಲ ಶುಲ್ಕವೇ 130 ರೂಪಾಯಿವರೆಗೆ ಇತ್ತು, ಅದರ ಮೇಲೆ ತೆರಿಗೆ, ಅದರ ಮೇಲೆ ಚಾನೆಲ್ಲುಗಳ ದರ. ಇದರ ಜೊತೆ ಕ್ರಿಕೆಟ್ಟಿನ ಒಂದು ವಿಷಯ ಕೇಳಿ. ದೇಶಕ್ಕೆ ಮುಖ್ಯವಾದ ಪಂದ್ಯಗಳ ಸಿಗ್ನಲ್ಲನ್ನ ಖಾಸಗಿಯವರು ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು ಅಂತ 2007ರ ಕಾನೂನಿದೆ. ಆದರೆ ಆ ಸಿಗ್ನಲ್ ದೂರದರ್ಶನದ ಸ್ವಂತ ಭೂತಲ ಜಾಲ ಮತ್ತು ಸ್ವಂತ ಡಿಶ್‌ನಲ್ಲಿ ಮಾತ್ರ ಬರಬೇಕು, ಕೇಬಲ್ಲಿನಲ್ಲಿ ಅಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಕಾನೂನು ಬಡವನಿಗೆ ಅಂತ ತೆಗೆದಿಟ್ಟ ಪಂದ್ಯ ಆಂಟೆನಾ, ಫ್ರೀ ಡಿಶ್ ಇದ್ದವರಿಗೆ. ತಿಂಗಳು ತಿಂಗಳು ದುಡ್ಡು ಕಟ್ಟಿ ಕೇಬಲ್ಲಿನಲ್ಲಿ ಡಿಡಿ ಹಾಕಿದವರಿಗಲ್ಲ!

ಎರಡನೇದು ಆ ತಾಯಿ ಹೇಳಿದ್ದು. ಕೇಬಲ್ಲು, ಇಂಟರ್ನೆಟ್ಟು ಬೀದಿ ಬೀದಿಯ ಕಂಬ, ಪೆಟ್ಟಿಗೆ, ನೆಲದಡಿಯ ವೈರನ್ನ ನಂಬಿರುತ್ತವೆ. ಮಧ್ಯೆ ಒಂದು ಪೆಟ್ಟಿಗೆಗೆ ನೀರು ನುಗ್ಗಿದರೆ ಬಡಾವಣೆಯೇ ಕತ್ತಲು. ಟವರಿನ ಸಿಗ್ನಲ್ಲಿಗೆ ಮಧ್ಯೆ ಏನೂ ಇಲ್ಲ. ಮೊಬೈಲ್ ಜಾಲದಲ್ಲಿ ಜನ ಹೆಚ್ಚಿದಷ್ಟೂ ವೇಗ ಇಳಿಯುತ್ತೆ. ಪ್ರಸಾರದಲ್ಲಿ ಹತ್ತು ಮನೆ ನೋಡಿದರೂ ಹತ್ತು ಲಕ್ಷ ಮನೆ ನೋಡಿದರೂ ಟವರಿಗೆ ಒಂದೇ. ನಿಜ, ಕರೆಂಟು ಹೋದರೆ ಟಿವಿಯೂ ಹೋಗುತ್ತೆ. ಆದರೆ 2016ರ ಈ ಯೋಜನೆಯಲ್ಲೇ ಮೊಬೈಲಿಗೆ ಚಿಕ್ಕ ಡಾಂಗಲ್ ಸಿಕ್ಕಿಸಿ, ನೆಟ್ ಇಲ್ಲದೆ ಟಿವಿ ನೋಡೋ ವ್ಯವಸ್ಥೆ ಇತ್ತು. ಜಪಾನಿನಲ್ಲಿ 2006ರಿಂದಲೇ ಮೊಬೈಲುಗಳು ಟವರಿನಿಂದ ನೇರ ಟಿವಿ ಹಿಡೀತಿದ್ದವು. 2011ರ ಭೂಕಂಪ, ಸುನಾಮಿಯಲ್ಲಿ ಫೋನ್ ಜಾಲ ಕಟ್ಟಿಕೊಂಡಾಗ ಜನ ಸುದ್ದಿ ನೋಡಿದ್ದರಲ್ಲಿ ಅದೂ ಒಂದು ದಾರಿ. ನಮ್ಮಲ್ಲೂ ಅಂಥದ್ದೇ ಪ್ರಯತ್ನ ಶುರುವಾಯ್ತು: ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್, ಕಾನ್ಪುರದ ಐಐಟಿ, ಪ್ರಸಾರ ಭಾರತಿ ಸೇರಿ ಮೊಬೈಲಿಗೆ ನೇರ ಪ್ರಸಾರದ ಪ್ರಯೋಗಕ್ಕೆ ಕೈ ಹಾಕಿದವು. ಪ್ರಯೋಗದ ಊರುಗಳಲ್ಲಿ ನಮ್ಮದೂ ಒಂದು.

ಇಷ್ಟೆಲ್ಲ ಇದ್ದು ಜನಕ್ಕೆ ಯಾಕೆ ಗೊತ್ತಿಲ್ಲ? ಬ್ರಿಟನ್ನಿನಲ್ಲಿ ಅನಲಾಗ್ ನಿಲ್ಲಿಸೋಕೆ 2007ರಿಂದ 2012ರವರೆಗೆ ಒಂದೊಂದೇ ಪ್ರದೇಶ ತಗೊಂಡರು. 75 ದಾಟಿದವರಿಗೆ, ಅಂಗವಿಕಲರಿಗೆ ಹೊಸ ಪೆಟ್ಟಿಗೆ ಜೋಡಿಸೋಕೆ ವಿಶೇಷ ನೆರವಿನ ಯೋಜನೆಯೇ ಇತ್ತು. ನಮ್ಮಲ್ಲಿ ನಿಲ್ಲಿಸಿದ್ದೂ ಸದ್ದಿಲ್ಲದೆ, ಶುರು ಮಾಡಿದ್ದೂ ಸದ್ದಿಲ್ಲದೆ.

ಸರ್ಕಾರವನ್ನ ಬೈದು ಕೈ ತೊಳೆದುಕೊಳ್ಳೋದು ಸುಲಭ. ನಮ್ಮ ಪಾಲೂ ಹೇಳಬೇಕು. ಈ ದೇಶದಲ್ಲಿ ಖಾಸಗಿ ಚಾನೆಲ್ಲಿಗೆ ಸ್ವಂತ ಟವರ್ ಹಾಕಿ ಟಿವಿ ಪ್ರಸಾರ ಮಾಡೋ ಅವಕಾಶ ಇಲ್ಲ. ನೀವು ಆಂಟೆನಾ ಕಟ್ಟಿದರೆ ಅದರಲ್ಲಿ ನಾನು ಕಾಣಿಸೋದಿಲ್ಲ. ನಾನು ಕಾಣಿಸದ ಕಿಟಕಿಯನ್ನ ನಾನ್ಯಾಕೆ ನಿಮಗೆ ತೋರಿಸಲಿ? ಆ ತಾಯಿಗೆ ಅವಸರದಲ್ಲಿ ಕೊಟ್ಟ ಉತ್ತರದ ಹಿಂದೆ ಈ ಸ್ವಾರ್ಥವೂ ಇತ್ತಾ ಅಂತ ನನ್ನನ್ನೇ ಕೇಳಿಕೊಂಡೆ. ಇಲ್ಲ ಅನ್ನೋ ಧೈರ್ಯ ಬರಲಿಲ್ಲ.

1993ರ ಹೀರೋ ಕಪ್ ಕ್ರಿಕೆಟ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರಲ್ಲಿ ತೀರ್ಪು ಬಂತು: ಗಾಳಿಯಲ್ಲಿ ಹರಿಯೋ ತರಂಗಗಳು ಸಾರ್ವಜನಿಕ ಆಸ್ತಿ. ಸರ್ಕಾರದ್ದೂ ಅಲ್ಲ, ಚಾನೆಲ್ಲಿನದೂ ಅಲ್ಲ. ನಿಮ್ಮ ಆಸ್ತಿ ಎಲ್ಲಿದೆ ಅಂತ ನಿಮಗೆ ಹೇಳೋದು ಯಾರ ಉಪಕಾರವೂ ಅಲ್ಲ. ಸರ್ಕಾರ ಮಳೆಗಾಲಕ್ಕೆ ಮೊದಲು ಬೋಟು, ಪಂಪು ಲೆಕ್ಕ ಹಾಕ್ತದಲ್ಲ, ಅದೇ ಪಟ್ಟಿಯಲ್ಲಿ ಟವರಿನ ಈ ಸಿಗ್ನಲ್ಲೂ ಇರಬೇಕು. ನೀರು ಎಲ್ಲಿ ಏರ್ತಿದೆ, ಯಾವ ರಸ್ತೆ ಮುಚ್ಚಿದೆ, ದೋಣಿ ಯಾವಾಗ ಬರುತ್ತೆ ಅಂತ ಕನ್ನಡದಲ್ಲಿ ಹೇಳೋ ಒಂದು ಪ್ರಸಾರ ಅದರಲ್ಲಿ ಬರಬೇಕು. ಕೇಳೋದು ನಮ್ಮ ಕೆಲಸ, ಕೇಳ್ತೀವಿ.

ಆ ತಾಯಿಗೆ ನಿನ್ನೆ ನಾನೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ತಪ್ಪಾಯ್ತಮ್ಮ ಅಂದೆ. "ಇರಲಿ ಬಿಡಪ್ಪ. ನಮ್ಮ ಯಜಮಾನರು ನಿಲ್ಲಿಸಿದ್ದ ಕಂಬ ಇನ್ನೂ ತಾರಸಿ ಮೇಲಿದೆ. ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ್ದೀವಿ, ಈ ಭಾನುವಾರ ಕೀಳಿಸಬೇಕು ಅಂತಿದ್ವಿ" ಅಂದರು.

ಕೀಳಬೇಡಿ ಅಮ್ಮ, ಅಂದೆ. ನಿಮಗೂ ಅದನ್ನೇ ಹೇಳ್ತಿದ್ದೀನಿ.