ರಿಜಿಸ್ಟರ್ಡ್ ಕಂಪನಿ ಅಂದ್ರೆ ಸಾಕಾ?

ಫ್ರಾಂಚೈಸಿ. ಹತ್ತು ವರ್ಷದ ಹಿಂದೆ ಇದು ಬೆಂಗಳೂರು, ಹೈದರಾಬಾದ್‌ನ ಮಾತು. ಈಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಹುಡುಗರ ಮೊಬೈಲಿಗೂ ಬಂದಿದೆ. ಚಹಾ ಅಂಗಡಿ, ಬಿರಿಯಾನಿ ಸೆಂಟರ್, ಕೊರಿಯರ್, ಪುಟ್ಟ ಮಕ್ಕಳ ಶಾಲೆ, ಎಲ್ಲದಕ್ಕೂ ಫ್ರಾಂಚೈಸಿ. ಐದು ಲಕ್ಷ ಕಟ್ಟಿ, ಬ್ರ್ಯಾಂಡ್ ನಮ್ದು, ಅಂಗಡಿ ನಿಮ್ದು ಅಂತಾರೆ. ನಂಬೋದು ಹೆಂಗೆ ಅಂತ ಕೇಳಿದ್ರೆ ಉತ್ತರ ರೆಡಿ: "ನಮ್ದು ರಿಜಿಸ್ಟರ್ಡ್ ಕಂಪನಿ ಸಾರ್."

ಈ ಒಂದು ಮಾತಿಗೆ ಎಷ್ಟೋ ಮನೆಯ ಬಂಗಾರ ಬ್ಯಾಂಕಿನ ಲಾಕರ್ ಸೇರುತ್ತೆ. ಹಾಗಾಗಿ ಈ ಮಾತನ್ನೇ ಬಿಚ್ಚಿ ನೋಡೋಣ. ರಿಜಿಸ್ಟರ್ ಆಗಿರೋದು ಏನು?

ಕಂಪನಿ ನೋಂದಣಿ ಪತ್ರ ತೋರಿಸ್ತಾರೆ. ಅದು ಕಂಪನಿಯ ಜನನ ಪ್ರಮಾಣಪತ್ರ ಅಷ್ಟೇ. ಹುಟ್ಟಿದ್ದಕ್ಕೆ ಸಾಕ್ಷಿ, ನಡತೆಗಲ್ಲ. ಜಿಎಸ್‌ಟಿ ನಂಬರ್ ತೋರಿಸ್ತಾರೆ. ಅದು ತೆರಿಗೆ ಕಟ್ಟೋಕೆ ಇರೋ ಸಂಖ್ಯೆ. ಉದ್ಯಮ್ ನೋಂದಣಿ ತೋರಿಸ್ತಾರೆ. ಅದು ಅವರೇ ಕೊಟ್ಟ ಸ್ವಯಂ ಘೋಷಣೆಯ ಮೇಲೆ ಸಿಗೋದು. ಬೋರ್ಡಿನ ಮೂಲೆಯಲ್ಲಿ 'ಟಿಎಂ' ಅನ್ನೋ ಎರಡು ಅಕ್ಷರ ಇರುತ್ತೆ. ಅದನ್ನ ಯಾರು ಬೇಕಾದರೂ ಹಾಕ್ಕೋಬಹುದು. ವೃತ್ತದೊಳಗೆ 'ಆರ್' ಅನ್ನೋ ಗುರುತು ಇದ್ದರೆ ಮಾತ್ರ ಹೆಸರು ನೋಂದಣಿಯಾಗಿದೆ ಅಂತ ಅರ್ಥ. ಅದೂ ನಿಜವೋ ಸುಳ್ಳೋ ಅಂತ ಟ್ರೇಡ್ ಮಾರ್ಕ್ ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ ಕೂತಲ್ಲೇ ನೋಡಬಹುದು.

ಇದರಲ್ಲಿ ಯಾವುದೂ 'ಇವರು ಫ್ರಾಂಚೈಸಿ ಮಾರಬಹುದು, ಇವರ ಲೆಕ್ಕ ನಾವು ನೋಡಿದ್ದೇವೆ' ಅಂತ ಹೇಳೋ ಕಾಗದ ಅಲ್ಲ. ಅಂಥ ಕಾಗದ ಭಾರತದಲ್ಲಿ ಇಲ್ಲವೇ ಇಲ್ಲ. ಫ್ರಾಂಚೈಸಿಗಾಗಿಯೇ ಮಾಡಿದ ಕಾನೂನು ನಮ್ಮಲ್ಲಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್ ಮಾರ್ಕ್ ಕಾಯ್ದೆ, ಇವುಗಳಲ್ಲೇ ಸಂಸಾರ ನಡೀತಿದೆ. ತಮಾಷೆ ನೋಡಿ, 2003ರಲ್ಲಿ ಸೇವಾ ತೆರಿಗೆ ಹಾಕೋಕೆ ಅಂತ ಫ್ರಾಂಚೈಸಿ ಅಂದ್ರೇನು ಅನ್ನೋದನ್ನ ಸರ್ಕಾರ ಕಾನೂನಿನಲ್ಲಿ ಬರೆದಿತ್ತು. ತೆರಿಗೆಗೆ ವ್ಯಾಖ್ಯಾನ ಸಿಕ್ತು, ದುಡ್ಡು ಹಾಕೋನಿಗೆ ರಕ್ಷಣೆ ಸಿಗಲಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಅಂಗಡಿ ತೆರೆಯೋ ಹುಡುಗನಿಗೆ ಪುರಸಭೆಯ ಟ್ರೇಡ್ ಲೈಸೆನ್ಸ್ ಬೇಕು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯ ನೋಂದಣಿ ಬೇಕು. ತಿಂಡಿ ಮಾರಿದರೆ ಆಹಾರ ಸುರಕ್ಷತಾ ನೋಂದಣಿ ಬೇಕು. ಎಲ್ಲವೂ ಅವನ ಹೆಸರಲ್ಲಿ. ಊಟದಲ್ಲಿ ಹುಳ ಸಿಕ್ಕರೆ ಮೊದಲ ನೋಟಿಸ್ ಬರೋದು ಅವನಿಗೆ. ಐದು ಲಕ್ಷ ಕಟ್ಟೋನಿಗೆ ಮೂರು ನೋಂದಣಿ, ಕಟ್ಟಿಸಿಕೊಳ್ಳೋನಿಗೆ ಒಂದೂ ಇಲ್ಲ!

ಹಾಗಂತ ಜನರಿಂದ ದುಡ್ಡು ಎತ್ತೋ ಎಲ್ಲ ವ್ಯವಹಾರಕ್ಕೂ ಹೀಗೇನಾ? ಇಲ್ಲ. ನಿಮಗೆ ಗೊತ್ತಿರೋ ಚೀಟಿ ವ್ಯವಹಾರವನ್ನೇ ತಗೊಳ್ಳಿ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ದೊಡ್ಡ ಮೊತ್ತದ ಚೀಟಿ ಶುರು ಮಾಡೋಕೆ ಮೊದಲೇ ಮಂಜೂರಾತಿ ಬೇಕು, ಭದ್ರತೆ ಇಡಬೇಕು. ಚೀಟಿಗೆ ಇರೋ ಕಾವಲು ಫ್ರಾಂಚೈಸಿಗೆ ಇಲ್ಲ.

ಅಮೆರಿಕದಲ್ಲೂ ಒಂದು ಕಾಲಕ್ಕೆ ಇದೇ ಗತಿ ಇತ್ತು. 1960ರ ದಶಕದಲ್ಲಿ ಅಲ್ಲಿ ಫ್ರಾಂಚೈಸಿಯ ಹುಚ್ಚು ಹತ್ತಿತ್ತು, ಮೋಸವೂ ಜೊತೆಗೇ ಬಂತು. ಕ್ಯಾಲಿಫೋರ್ನಿಯಾ ರಾಜ್ಯ 1970ರಲ್ಲಿ ಕಾನೂನು ಮಾಡಿ, 1971ರ ಜನವರಿಯಿಂದ ಜಾರಿಗೆ ತಂತು. ಫ್ರಾಂಚೈಸಿ ಮಾರೋ ಮೊದಲು ರಾಜ್ಯದಲ್ಲಿ ನೋಂದಣಿ ಮಾಡಿಸು ಅಂತು. ಇವತ್ತು ನ್ಯೂಯಾರ್ಕ್, ಇಲಿನಾಯ್, ವಾಷಿಂಗ್ಟನ್ ಸೇರಿ ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ನಿಯಮ ಇದೆ. ಇಡೀ ದೇಶಕ್ಕೆ ಅನ್ವಯಿಸೋ ನಿಯಮ 1979ರಲ್ಲಿ ಬಂತು. ಅದರಂತೆ ಸಹಿಗೆ, ದುಡ್ಡಿಗೆ ಕನಿಷ್ಠ 14 ದಿನ ಮೊದಲು ಒಂದು ದಾಖಲೆ ಕೈಗೆ ಕೊಡಬೇಕು. ಅದರಲ್ಲಿ 23 ವಿಷಯ ಇರಬೇಕು. ಮಾಲೀಕರ ಮೇಲಿನ ಕೇಸುಗಳು, ದಿವಾಳಿ ಆಗಿದ್ದರೆ ಅದು, ಒಟ್ಟು ಎಷ್ಟು ಖರ್ಚು ಬೀಳುತ್ತೆ, ಆಡಿಟ್ ಆದ ಲೆಕ್ಕ, ಎಷ್ಟು ಅಂಗಡಿ ಮುಚ್ಚಿದವು, ಕಳೆದ ವರ್ಷ ಬಿಟ್ಟುಹೋದವರು ಯಾರು, ಎಲ್ಲವೂ. ಕಂಪನಿಯ ಲೆಕ್ಕ ಸರಿ ಕಾಣದಿದ್ದರೆ, ಅಂಗಡಿ ತೆರೆಯೋವರೆಗೆ ಫೀ ಮುಟ್ಟಬೇಡ ಅಂತ ಕೆಲವು ರಾಜ್ಯಗಳು ಷರತ್ತು ಹಾಕ್ತವೆ.

ಇಷ್ಟಾದರೂ ಅಲ್ಲಿನ ಸರ್ಕಾರ ಗ್ಯಾರಂಟಿ ಕೊಡಲ್ಲ. ನೋಂದಣಿ ಅಂದ್ರೆ ಶಿಫಾರಸು ಅಲ್ಲ ಅಂತ ಸ್ಪಷ್ಟವಾಗಿಯೇ ಹೇಳುತ್ತೆ. ಸತ್ಯ ಮುಂದಿಡು, ತೀರ್ಮಾನ ಜನ ಮಾಡ್ಲಿ ಅನ್ನೋದು ಅದರ ತತ್ವ.

ನಮ್ಮಲ್ಲಿ ಕೇಳೋ ಅಧಿಕಾರಿ ಇಲ್ಲ. ಹಾಗಾದ್ರೆ ನೀವೇ ಆ ಅಧಿಕಾರಿ ಆಗ್ಬೇಕು.

ಮೊದಲನೇದು, ಮುಚ್ಚಿದ ಅಂಗಡಿಗಳ ಪಟ್ಟಿ ಕೇಳಿ. ನಡೀತಿರೋ ಅಂಗಡಿಯ ವಿಡಿಯೊ ಎಲ್ಲರೂ ತೋರಿಸ್ತಾರೆ. ಬಾಗಿಲು ಹಾಕ್ಕೊಂಡವನ ಫೋನ್ ನಂಬರ್ ಕೇಳಿ, ಮುಖ ನೋಡಿ. ಕಂಪನಿಯ ಲೆಕ್ಕಪತ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತೆ. ತೆಗೆಸಿ, ಊರಿನ ಆಡಿಟರ್‌ಗೆ ತೋರಿಸಿ.

ಎರಡನೇದು, ಲೆಕ್ಕ ನೀವೇ ಹಾಕಿ. ಐದು ಲಕ್ಷ ಫೀ ಅಂದ್ರೆ ಮೇಲೆ ಶೇ 18 ಜಿಎಸ್‌ಟಿ, ಅಂದ್ರೆ ಇನ್ನೂ 90,000. ಹೋಟೆಲ್ ವ್ಯಾಪಾರಕ್ಕೆ ಶೇ 5ರ ದರದಲ್ಲಿದ್ದರೆ ಆ 90,000 ವಾಪಸ್ ಹೊಂದಿಸಿಕೊಳ್ಳೋಕೆ ಬರಲ್ಲ. ಇನ್ನು ರಾಯಲ್ಟಿ. ಅದು ಲಾಭದ ಮೇಲಲ್ಲ, ಸಾಮಾನ್ಯವಾಗಿ ವ್ಯಾಪಾರದ ಮೇಲೆ. ದಿನಕ್ಕೆ 6,000 ವ್ಯಾಪಾರ ಅಂದ್ಕೊಳ್ಳಿ. ತಿಂಗಳಿಗೆ 1,80,000. ಸಾಮಾನಿಗೆ 81,000, ಇಬ್ಬರು ಮೂವರು ಹುಡುಗರ ಸಂಬಳ 45,000, ಬಾಡಿಗೆ 18,000, ಕರೆಂಟು ಗ್ಯಾಸು 12,000. ಉಳಿಯೋದು 24,000. ಶೇ 6 ರಾಯಲ್ಟಿ, ಅದರ ಮೇಲಿನ ಜಿಎಸ್‌ಟಿ ಸೇರಿ 12,744 ಹೋಯ್ತು. ಕೈಯಲ್ಲಿ 11,256. ಹತ್ತು ಲಕ್ಷದ ಐದು ವರ್ಷದ ಸಾಲಕ್ಕೆ ತಿಂಗಳ ಕಂತೇ ಸುಮಾರು 22,000! ಮೇಲಾಗಿ ನಮ್ಮ ಕಡೆ ವ್ಯಾಪಾರ ವರ್ಷವಿಡೀ ಒಂದೇ ಥರ ಇರಲ್ಲ. ತೊಗರಿ ರಾಶಿ ಆದಾಗ ಪೇಟೆ ತುಂಬಿರುತ್ತೆ, ಬಿರುಬೇಸಿಗೆಯ ಮಧ್ಯಾಹ್ನ ರಸ್ತೆ ಖಾಲಿ. ಅವರು ತೋರಿಸೋ ಲಾಭದ ಚಾರ್ಟು ಯಾವ ಊರಿನದ್ದು ಅಂತ ಕೇಳಿ.

ಮೂರನೇದು, ಕರಾರಿನ ಕೊನೇ ಪುಟ ಓದಿ. ವ್ಯಾಜ್ಯ ಬಂದರೆ ಮುಂಬೈ ಕೋರ್ಟು ಅಥವಾ ದೆಹಲಿಯಲ್ಲಿ ಮಧ್ಯಸ್ಥಿಕೆ ಅಂತ ಸಣ್ಣಕ್ಷರದಲ್ಲಿ ಇರುತ್ತೆ. ವಾಡಿ ಜಂಕ್ಷನ್‌ನಿಂದ ಮುಂಬೈಗೆ ರೈಲೇನೋ ಇದೆ, ಆದರೆ ಐದು ಲಕ್ಷಕ್ಕಾಗಿ ಎಷ್ಟು ಸಲ ಹೋಗ್ತೀರಿ? ಕಲಬುರಗಿ ಅಂತ ಬರೆಸಿ.

ನಾಲ್ಕನೇದು, ಬಿಟ್ಟು ಬರೋ ದಾರಿ. ಕರಾರು ನಡೀತಿರುವಾಗ ಪ್ರತಿಸ್ಪರ್ಧಿಯ ಮಾಲು ಮಾರಬೇಡ ಅನ್ನೋ ಷರತ್ತು ಊರ್ಜಿತ ಅಂತ 1995ರಲ್ಲಿ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರಾರು ಮುಗಿದ ಮೇಲೂ ಆ ವ್ಯಾಪಾರವೇ ಮಾಡಬೇಡ ಅಂದ್ರೆ? ಅಲ್ಲಿ ಕರಾರು ಕಾಯ್ದೆಯ 27ನೇ ಕಲಂ ನಿಮ್ಮ ಕಡೆ ಇದೆ.

ಬಾಯಿಮಾತಿನ ಗ್ಯಾರಂಟಿ ಕೊಟ್ಟರೆ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ ಅನ್ನಿ. ಸುಳ್ಳು ಹೇಳಿ ಸಹಿ ಹಾಕಿಸಿದ ಕರಾರನ್ನ ರದ್ದು ಮಾಡಿಸೋ ಹಕ್ಕು ಕಾನೂನಿನಲ್ಲಿದೆ, ಆದರೆ ಸಾಕ್ಷಿ ಬೇಕು. ದೊಡ್ಡ ಬ್ರ್ಯಾಂಡ್‌ಗಳ ಹೆಸರಿನ ನಕಲಿ ವೆಬ್‌ಸೈಟಿಗೆ ದುಡ್ಡು ಹಾಕಿಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ.

ಇನ್ನು ಸರ್ಕಾರಕ್ಕೆ ಒಂದು ಮಾತು. ಕರಾರು ಅನ್ನೋದು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯವೂ ಕಾನೂನು ಮಾಡಬಹುದು. ಠೇವಣಿದಾರರ ರಕ್ಷಣೆಗೆ ಕರ್ನಾಟಕ 2004ರಲ್ಲಿ ತನ್ನದೇ ಕಾಯ್ದೆ ಮಾಡಿದೆ. ಫ್ರಾಂಚೈಸಿ ಮಾರೋನು ಮೊದಲೇ ಲೆಕ್ಕ ಮುಂದಿಡಲಿ ಅಂತ ಹೇಳೋಕೆ ಕ್ಯಾಲಿಫೋರ್ನಿಯಾಕ್ಕೆ ಐವತ್ತು ವರ್ಷದ ಹಿಂದೆಯೇ ಆಯ್ತು. ವಿಧಾನಸೌಧಕ್ಕೆ ಯಾಕಾಗಲ್ಲ?

ಅಲ್ಲಿವರೆಗೆ ಆ ಹದಿನಾಲ್ಕು ದಿನ ನೀವೇ ತಗೊಳ್ಳಿ. "ಇವತ್ತೇ ಕಟ್ಟಿ, ನಾಳೆ ನಿಮ್ಮ ಏರಿಯಾ ಬೇರೆಯವರಿಗೆ ಹೋಗುತ್ತೆ" ಅಂದವನಿಗೆ ಒಂದೇ ಉತ್ತರ ಕೊಡಿ: ಹೋಗ್ಲಿ ಬಿಡಿ.