ಲಂಡನ್ ಕಚೇರಿ, ಗುಡೂರಿನ ಚಾವಡಿ: ದೂರದಿಂದ ಆಳಲು ಬೇಕಾದ ಸಿಬ್ಬಂದಿ ಯಾರು?

ಗುಡೂರು: ಇಂದಿನ ಬಾಗಲಕೋಟೆ ಜಿಲ್ಲೆಯ ಗುಡೂರು ಸೀಮೆಯ ರೈತ 1870ರ ದಶಕದಲ್ಲಿ ಚಾವಡಿಗೆ ಹೋಗಿ ಕಂದಾಯ ಕಟ್ಟಿದಾಗ, ಆ ವರಮಾನದ ಒಂದು ಪಾಲು ಲಂಡನ್ನಿನ ಗುಮಾಸ್ತರ ಸಂಬಳಕ್ಕೂ ಸಲ್ಲುತ್ತಿತ್ತು. ಭಾರತವನ್ನು ನೋಡಿಕೊಳ್ಳುತ್ತಿದ್ದ 'ಇಂಡಿಯಾ ಆಫೀಸ್' ಎಂಬ ಬ್ರಿಟಿಷ್ ಸರ್ಕಾರಿ ಕಚೇರಿಯ ಖರ್ಚನ್ನು ಭಾರತದ ಬೊಕ್ಕಸವೇ ಭರಿಸಬೇಕಿತ್ತು. ಸಾವಿರಾರು ಮೈಲು ದೂರದ ವಸಾಹತನ್ನು ಆಳುವ ಕಚೇರಿಗೆ ಎಂತಹ ಸಿಬ್ಬಂದಿ ಬೇಕು? ಈ ಪ್ರಶ್ನೆಗೆ ಅಂದು ದೊರೆತ ಉತ್ತರದ ಪರಿಣಾಮ ಈ ಭಾಗದಲ್ಲಿ ಇಂದಿಗೂ ಉಳಿದಿದೆ.

ಭಾರತ ನೋಡದ ಅಧಿಕಾರಿ

1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಕೊನೆಗೊಂಡು ಇಂಡಿಯಾ ಆಫೀಸ್ ಅಸ್ತಿತ್ವಕ್ಕೆ ಬಂತು. ಅದರ ಮುಖ್ಯಸ್ಥರು ಬ್ರಿಟಿಷ್ ಸಂಪುಟದ ಸಚಿವರು. ಅವರಿಗೆ ಸಲಹೆ ನೀಡಲು 15 ಸದಸ್ಯರ ಮಂಡಳಿ ಇತ್ತು. ಮಂಡಳಿಯ ಬಹುಪಾಲು ಸದಸ್ಯರು ಕನಿಷ್ಠ 10 ವರ್ಷ ಭಾರತದಲ್ಲಿ ಇದ್ದವರಾಗಿರಬೇಕೆಂದು ಕಾಯ್ದೆಯೇ ವಿಧಿಸಿತ್ತು.

ಈ ಷರತ್ತಿನ ಅಗತ್ಯವನ್ನು ತಿಳಿಯಲು ಒಂದು ಉದಾಹರಣೆ ಸಾಕು. ಪ್ರಸಿದ್ಧ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ ಕಂಪನಿಯ ಲಂಡನ್ ಕಚೇರಿಯಲ್ಲಿ ಭಾರತದ ಕಡತಗಳನ್ನು ನೋಡಿಕೊಂಡರು. ಆದರೆ ಅವರು ಒಮ್ಮೆಯೂ ಭಾರತಕ್ಕೆ ಬಂದಿರಲಿಲ್ಲ.

ಸಾವಿರ ಸಾಹೇಬರು, ಲಕ್ಷಾಂತರ ಹಳ್ಳಿಗಳು

ಲಂಡನ್ನಿನ ಆದೇಶವನ್ನು ಇಲ್ಲಿ ಜಾರಿಗೆ ತರುತ್ತಿದ್ದವರು ಸಿವಿಲ್ ಸರ್ವಿಸ್ ಅಧಿಕಾರಿಗಳು. ಇವರಿಗೆ 1855ರಿಂದ ಸ್ಪರ್ಧಾತ್ಮಕ ಪರೀಕ್ಷೆ ಆರಂಭವಾಯಿತು. ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ ಭಾರತೀಯರಿಗೆ ಅದು ಕೈಗೆಟುಕದ ಮಾತಾಗಿತ್ತು. 1863ರಲ್ಲಿ ಮೊದಲ ಭಾರತೀಯರಾಗಿ ಆಯ್ಕೆಯಾದ ಸತ್ಯೇಂದ್ರನಾಥ ಟಾಗೋರರು ಮುಂದೆ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಭಾರತದಲ್ಲಿಯೂ ಪರೀಕ್ಷೆ ನಡೆಯತೊಡಗಿದ್ದು 1922ರಲ್ಲಿ.

ಇಡೀ ದೇಶಕ್ಕೆ ಈ ಅಧಿಕಾರಿಗಳ ಸಂಖ್ಯೆ ಸುಮಾರು ಒಂದು ಸಾವಿರ ಮಾತ್ರ. ಆದ್ದರಿಂದ ಆಡಳಿತದ ನಿಜವಾದ ಭಾರ ಬಿದ್ದದ್ದು ಕೆಳಗಿನವರ ಮೇಲೆ. ತಾಲೂಕಿನಲ್ಲಿ ಮಾಮಲೇದಾರ ಹಾಗೂ ಕಾರಕೂನರು, ಊರಿನಲ್ಲಿ ವಸೂಲಿಗೆ ಗೌಡ, ಲೆಕ್ಕಕ್ಕೆ ಕುಲಕರ್ಣಿ. ಲಂಡನ್ನಿಗೆ ತಲುಪುತ್ತಿದ್ದ ಪ್ರತಿ ಅಂಕಿಯೂ ಮೊದಲು ಹುಟ್ಟುತ್ತಿದ್ದುದು ಕುಲಕರ್ಣಿಯ ದಫ್ತರದಲ್ಲಿ.

ಭಾಷೆ ಬಲ್ಲವರ ಕೊರತೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಾಗ ಈ ಕನ್ನಡ ಸೀಮೆ ಬ್ರಿಟಿಷರ ಕೈಸೇರಿತು. ಜನರ ಮಾತು ಕನ್ನಡ, ಕಚೇರಿಯ ಬರವಣಿಗೆ ಮೋಡಿ ಲಿಪಿಯ ಮರಾಠಿ, ಮೇಲಧಿಕಾರಿಯ ಭಾಷೆ ಇಂಗ್ಲಿಷ್. ಅರ್ಜಿದಾರನಿಗೆ ತನ್ನ ಅರ್ಜಿಯಲ್ಲಿ ಬರೆದದ್ದೇನೆಂದು ತಿಳಿಯದ ಸ್ಥಿತಿ ಇತ್ತು. ಕನ್ನಡ ಬಲ್ಲ ಶಿಕ್ಷಕರನ್ನೂ ನೌಕರರನ್ನೂ ಸಿದ್ಧಪಡಿಸುವ ಕೆಲಸಕ್ಕೆ ಧಾರವಾಡದಲ್ಲಿ ಅಧಿಕಾರಿ ವಾಲ್ಟರ್ ಎಲಿಯಟ್, ಅನಂತರ ಡೆಪ್ಯುಟಿ ಚನ್ನಬಸಪ್ಪ ಮೊದಲಾದವರು ಶ್ರಮಿಸಿದರು.

ಭಾಷೆ ಕಲಿತ ಅಧಿಕಾರಿಗೆ ಜನರ ಮನಸ್ಸೂ ತಿಳಿಯುತ್ತದೆ ಎಂಬುದಕ್ಕೆ ಜಾನ್ ಫೇತ್‌ಫುಲ್ ಫ್ಲೀಟ್ ನಿದರ್ಶನ. ಶಾಸನಗಳ ವಿದ್ವಾಂಸರಾಗಿದ್ದ ಅವರು ಕನ್ನಡ ಲಾವಣಿಗಳನ್ನೂ ಸಂಗ್ರಹಿಸಿದರು. ಅವುಗಳಲ್ಲಿ 1857ರ ಹಲಗಲಿ ಬೇಡರ ದಂಗೆಯ ಲಾವಣಿ ಇದೆ. ಆದಾಯ ತೆರಿಗೆ ಹೇರಿದ್ದನ್ನು ಕುರಿತ ಲಾವಣಿಯೂ ಇದೆ. ಕಡತಕ್ಕೆ ಬಾರದ ದೂರುಗಳು ಹಾಡಿನಲ್ಲಿ ಉಳಿದವು.

ಬರ ನಡೆಸಿದ ಪರೀಕ್ಷೆ

ಈ ವ್ಯವಸ್ಥೆಯ ದೌರ್ಬಲ್ಯ ಬಯಲಾದದ್ದು 1876-78ರ ಭೀಕರ ಬರಗಾಲದಲ್ಲಿ. ಆಗ ಈ ಪ್ರದೇಶ ಕಲಾದಗಿ ಜಿಲ್ಲೆಗೆ ಸೇರಿತ್ತು. 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಹೆಚ್ಚಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6.4 ಲಕ್ಷಕ್ಕೆ ಕುಸಿಯಿತು. 1870ರ ವೇಳೆಗೆ ಸಮುದ್ರದಡಿಯ ತಂತಿ ಬಂದು ಸುದ್ದಿ ಲಂಡನ್ನಿಗೆ ಬೇಗ ಮುಟ್ಟುತ್ತಿತ್ತು. ಆದರೆ ಹಸಿದವರನ್ನು ಗುರುತಿಸಿ ಗಂಜಿ, ಕೂಲಿ ಒದಗಿಸುವ ಕೆಲಸ ತಂತಿಯಿಂದ ಆಗುವಂತಹದ್ದಲ್ಲ. ಬರ ಬಿದ್ದಾಗ ಯಾವ ನೌಕರ ಏನು ಮಾಡಬೇಕೆಂದು ಮುಂಚಿತವಾಗಿಯೇ ಗೊತ್ತುಪಡಿಸುವ ಕ್ಷಾಮ ಸಂಹಿತೆ ರೂಪುಗೊಂಡದ್ದು ಆ ಬಳಿಕ, 1880ರ ದಶಕದಲ್ಲಿ.

ಕಚೇರಿ ಹತ್ತಿರ ಬಂತು

1919ರ ಕಾಯ್ದೆಯ ನಂತರವಷ್ಟೇ ಭಾರತ ಸಚಿವರ ಸಂಬಳ ಬ್ರಿಟಿಷ್ ಬೊಕ್ಕಸಕ್ಕೆ ವರ್ಗವಾಯಿತು. 1947ರಲ್ಲಿ ಇಂಡಿಯಾ ಆಫೀಸ್ ಮುಚ್ಚಿತು. ಗುಡೂರಿನ ಪಾಲಿಗೆ ಜಿಲ್ಲಾ ಕಚೇರಿ 1885ರಲ್ಲಿ ಕಲಾದಗಿಯಿಂದ ವಿಜಾಪುರಕ್ಕೆ ದೂರವಾಗಿತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ಮತ್ತೆ ಹತ್ತಿರವಾಯಿತು.

ಆದರೂ ಹಳೆಯ ಕೊರತೆ ಪೂರ್ತಿ ನೀಗಿಲ್ಲ. ಮುಂಬಯಿ ಕರ್ನಾಟಕದ ಹಳೆಯ ಜಮೀನು ಕಾಗದಪತ್ರಗಳು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಇಂದು ವಿರಳ. ಇನಾಮು, ವತನ ಅಥವಾ ಹೊಲದ ಗಡಿಯ ತಕರಾರು ಎದ್ದಾಗ ರೈತನ ಹಕ್ಕು ಆ ಕೆಲವೇ ಓದುಗರನ್ನು ಅವಲಂಬಿಸಿರುತ್ತದೆ. ಕಚೇರಿ ಎಷ್ಟೇ ಸಮೀಪವಿದ್ದರೂ, ಅಲ್ಲಿನ ಕಾಗದವನ್ನು ಓದಿ ಹೇಳುವವರಿಲ್ಲದಿದ್ದರೆ ಅರ್ಜಿದಾರನಿಗೆ ಅದು ದೂರವೇ.